ಗಾಳಿಗೂ ಅಳತೆ ಉಂಟು



ಸಿರುಗುಪ್ಪದ ಕಡೆ ಭತ್ತ ಬೆಳೆಯುತ್ತಾರೆ. ಈಗ ಭತ್ತ ಕೊಯ್ಯಲು ಯಂತ್ರ ಬಂದಿದೆ. ಆದರೆ ಕಣದಲ್ಲಿ ನಿಂತು ಮೊರದಿಂದ ಭತ್ತ ತೂರಿದವರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರನ್ನು ಕೇಳಿ ನೋಡಿ. ಗಾಳಿ ಯಾವ ಕಡೆಯಿಂದ ಬರ್ತಿದೆ ಅಂತ ಅವರು ಮೊದಲು ನೋಡುತ್ತಿದ್ದರು. ಒಂದು ಹಿಡಿ ಹೊಟ್ಟು ಮೇಲಿಂದ ಬಿಡುತ್ತಿದ್ದರು. ಹೊಟ್ಟು ಕಾಲಿನ ಹತ್ತಿರವೇ ಬಿದ್ದರೆ ಗಾಳಿ ಸಾಲದು. ನಾಲ್ಕು ಮಾರು ದೂರ ಹೋದರೆ ಗಾಳಿ ಜಾಸ್ತಿ, ಕಾಳೂ ಹಾರಿ ಹೋಗುತ್ತದೆ. ಎರಡು ಮಾರು ದೂರ ಬಿದ್ದರೆ ಸರಿಯಾದ ಗಾಳಿ. ಆಗ ಮೊರ ಎತ್ತುತ್ತಿದ್ದರು.

ಅಂದರೆ ಏನು? ಅಕ್ಷರ ಬಾರದ ಕಾಲದಲ್ಲೂ ನಮ್ಮ ಹೆಂಗಸರು ಗಾಳಿಯನ್ನು ಅಳೆಯುತ್ತಿದ್ದರು. ಕಣದಲ್ಲಿ ಅಳೆದ ಗಾಳಿಯನ್ನು ನಾವು ಮನೆಯೊಳಗೆ ಯಾಕೆ ಅಳೆಯಬಾರದು?

ನಾವು ಮನೆಯಲ್ಲಿ ಎಲ್ಲವನ್ನೂ ಅಳೆಯುತ್ತೇವೆ. ಅಕ್ಕಿಗೆ ಸೇರು ಇದೆ. ಬಟ್ಟೆಗೆ ಟೇಪು ಇದೆ. ಹಾಲಿಗೆ ಲೀಟರ್ ಇದೆ. ಗಾಳಿಯನ್ನು ಮಾತ್ರ ಯಾರೂ ಅಳೆಯುವುದಿಲ್ಲ. ಅದಕ್ಕೆ ದುಡ್ಡು ಕೊಡಬೇಕಿಲ್ಲವಲ್ಲ! ಆದರೆ ಕೆಟ್ಟ ಗಾಳಿಗೆ ನಾವು ಬೇರೆ ರೀತಿಯಲ್ಲಿ ದುಡ್ಡು ಕೊಡುತ್ತೇವೆ. ಕೆಮ್ಮಿಗೆ ಕೊಡುತ್ತೇವೆ. ಕಣ್ಣುರಿಗೆ ಕೊಡುತ್ತೇವೆ. ಡಾಕ್ಟರಿಗೆ ಕೊಡುತ್ತೇವೆ.

ಕಂಟೋನ್ಮೆಂಟಿನ ಒಂದು ಮನೆ

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ನಾವು ಒಂದು ಮನೆಗೆ ಹೋಗಿದ್ದೆವು. ಅದು ಏಪ್ರಿಲ್ ತಿಂಗಳು. ಬಳ್ಳಾರಿ ಬಿಸಿಲು ನಿಮಗೆ ಗೊತ್ತೇ ಇದೆ. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ ಇದ್ದವು. ಮನೆಯ ಸೊಸೆ ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದಳು. ನೆಲದ ಮೇಲೆ, ಗೋಡೆಯ ಮೇಲೆ, ಅವಳ ಕೂದಲ ಮೇಲೆ ನೀಲಿ ಧೂಳು. ಒಳಗಿನ ಕೋಣೆಯಲ್ಲಿ ಅತ್ತೆ ಮಲಗಿದ್ದರು. ಮೂರು ವಾರದಿಂದ ಕೆಮ್ಮು. ಕಿಟಕಿ ಮುಚ್ಚಿತ್ತು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.

“ಕಿಟಕಿ ಯಾಕವ್ವ ಮುಚ್ಚಿದಿ?” ಅಂತ ಕೇಳಿದೆವು.

“ಧೂಳು ಬರ್ತೈತೆ. ಸೊಳ್ಳೆ ಬರ್ತಾವೆ. ಗಾಳಿಗೆ ಫ್ಯಾನ್ ಐತಲ್ಲ?” ಅಂದಳು.

ಈ ಮಾತನ್ನು ನಾವು ಎಷ್ಟು ಮನೆಗಳಲ್ಲಿ ಕೇಳಿದ್ದೇವೋ ಲೆಕ್ಕವಿಲ್ಲ. ಫ್ಯಾನು ಗಾಳಿಯನ್ನು ತಿರುಗಿಸುತ್ತದೆ. ಬದಲಿಸುವುದಿಲ್ಲ. ಹಳಸಿದ ಸಾರನ್ನು ಸೌಟಿನಿಂದ ಎಷ್ಟು ತಿರುಗಿಸಿದರೂ ಅದು ಹೊಸ ಸಾರು ಆಗುತ್ತದೆಯೇ? ಕೋಣೆಯ ಹಳೇ ಗಾಳಿ ಹೊರಗೆ ಹೋಗಬೇಕು. ಹೊಸ ಗಾಳಿ ಒಳಗೆ ಬರಬೇಕು. ಎರಡೂ ಆದರೆ ಮಾತ್ರ ಗಾಳಿ ಬದಲಾಯಿತು ಅಂತ ಅರ್ಥ. ಫ್ಯಾನಿನ ಕೆಳಗೆ ಬೆವರು ಆರುತ್ತದೆ, ಮೈಗೆ ಹಿತ ಅನ್ನಿಸುತ್ತದೆ. ಅದರಿಂದಲೇ ನಾವು ಮೋಸ ಹೋಗುತ್ತೇವೆ.

ಆವತ್ತು ನಾವು ದೇವರ ಮುಂದಿದ್ದ ಊದಿನಕಡ್ಡಿ ಕೇಳಿದೆವು. ಅದನ್ನು ಹಚ್ಚಿ ಒಳಕೋಣೆಗೆ ಹೋದೆವು.

ಊದಿನಕಡ್ಡಿ ಏನು ಹೇಳುತ್ತದೆ?

ಮೊದಲು ಫ್ಯಾನು ನಿಲ್ಲಿಸಿ. ಊದಿನಕಡ್ಡಿ ಹಚ್ಚಿ. ಕಿಟಕಿಯ ಹತ್ತಿರ ಹಿಡಿದು ನಿಲ್ಲಿ. ಪರದೆಗೆ, ಬಟ್ಟೆಗೆ ತಾಗದಂತೆ ನೋಡಿಕೊಳ್ಳಿ. ಹೊಗೆ ಒಳಕ್ಕೆ ಬಗ್ಗಿದರೆ ಆ ಕಿಟಕಿಯಿಂದ ಗಾಳಿ ಒಳಗೆ ಬರುತ್ತಿದೆ. ಹೊಗೆ ಹೊರಕ್ಕೆ ಬಗ್ಗಿದರೆ ಗಾಳಿ ಹೊರಗೆ ಹೋಗುತ್ತಿದೆ. ಹೊಗೆ ನೆಟ್ಟಗೆ ಮೇಲೆ ಹೋಗಿ ಅಲ್ಲೇ ಸುತ್ತುತ್ತಿದ್ದರೆ? ಗಾಳಿ ಬರುತ್ತಲೂ ಇಲ್ಲ, ಹೋಗುತ್ತಲೂ ಇಲ್ಲ.

ಆ ಮನೆಯ ಒಳಕೋಣೆಯಲ್ಲಿ ಕಿಟಕಿ ತೆಗೆಸಿದೆವು. ಆದರೂ ಹೊಗೆ ನೆಟ್ಟಗೇ ಹೋಯಿತು. ಸೊಸೆಗೆ ಆಶ್ಚರ್ಯ.

“ಕಿಟಕಿ ತೆಗ್ದೇವಲ್ಲ, ಮತ್ಯಾಕ ಗಾಳಿ ಬರಲ್ದು?”

ಒಂದು ಬಾಟಲಿಯ ಬಾಯಿಗೆ ತುಟಿ ಇಟ್ಟು ಊದಿ ನೋಡಿ. ಗಾಳಿ ಒಳಗೆ ಹೋಗುವುದಿಲ್ಲ. ಬಾಟಲಿ ಖಾಲಿ ಇದ್ದರೂ ಹೋಗುವುದಿಲ್ಲ. ಯಾಕೆ ಅಂದರೆ ಅದು ಖಾಲಿ ಇಲ್ಲ, ಅದರ ತುಂಬ ಗಾಳಿ ಇದೆ. ಒಳಗಿನ ಗಾಳಿಗೆ ಹೋಗಲು ದಾರಿ ಇಲ್ಲ. ಅದೇ ಊದುಕೊಳವೆಗೆ ಎರಡು ಬಾಯಿ. ಒಂದು ಕಡೆ ಊದಿದರೆ ಇನ್ನೊಂದು ಕಡೆ ಬರುತ್ತದೆ, ಒಲೆ ಉರಿಯುತ್ತದೆ. ಒಂದೇ ಕಿಟಕಿ ಇರುವ ಕೋಣೆ ಬಾಟಲಿ ಇದ್ದ ಹಾಗೆ. ಎದುರು ಬದುರು ಕಿಟಕಿ, ಬಾಗಿಲು ಇರುವ ಕೋಣೆ ಊದುಕೊಳವೆ ಇದ್ದ ಹಾಗೆ.

ಬಾಗಿಲು ತೆಗೆಸಿದೆವು. ಮುಂದಿನ ಕೋಣೆಯ ಬಾಗಿಲನ್ನೂ ತೆಗೆಸಿದೆವು. ಹೊಗೆ ಸ್ವಲ್ಪ ಅಲುಗಾಡಿತು. ಸ್ವಲ್ಪ ಅಷ್ಟೇ. ಆ ಕಿಟಕಿಯ ಮುಂದೆ ಎರಡು ಅಡಿ ದೂರಕ್ಕೆ ಪಕ್ಕದ ಮನೆಯ ಗೋಡೆ ಇತ್ತು.

ಇನ್ನೊಂದು ಪರೀಕ್ಷೆ ಇದೆ, ಇದು ನಮಗೆ ಬಹಳ ಇಷ್ಟ. ಬೆಳಗಿನ ಜಾವ, ಹೊರಗೆ ತಂಪು, ಅಡುಗೆಮನೆ ಒಳಗೆ ಬಿಸಿ. ಆಗ ಅಡುಗೆಮನೆಯ ಬಾಗಿಲು ತೆಗೆದು, ಕಡ್ಡಿಯನ್ನು ಬಾಗಿಲಿನ ಮೇಲ್ಭಾಗದಲ್ಲಿ ಹಿಡಿಯಿರಿ. ಹೊಗೆ ಹೊರಗೆ ಹೋಗುತ್ತದೆ. ಅದೇ ಕಡ್ಡಿಯನ್ನು ಹೊಸ್ತಿಲ ಹತ್ತಿರ ಹಿಡಿಯಿರಿ. ಹೊಗೆ ಒಳಗೆ ಬರುತ್ತದೆ! ಒಂದೇ ಬಾಗಿಲು, ಎರಡು ದಾರಿ. ಬಿಸಿ ಗಾಳಿ ಹಗುರ, ಮೇಲಿನಿಂದ ಹೋಗುತ್ತದೆ. ತಂಪು ಗಾಳಿ ಭಾರ, ಕೆಳಗಿನಿಂದ ಬರುತ್ತದೆ.

ಈಗ ಎಣಿಸೋಣ

ಕಡ್ಡಿಯಿಂದ ಗಾಳಿಯ ದಿಕ್ಕು ತಿಳಿಯಿತು. ಎಷ್ಟು ಗಾಳಿ ಅಂತ ತಿಳಿಯುವುದು ಹೇಗೆ? ಇದಕ್ಕೆ ಸ್ವಲ್ಪ ಗುಣಾಕಾರ ಬೇಕು. ಮಗ್ಗಿ ಕಲಿತಿದ್ದೀರಲ್ಲ, ಹೆದರಬೇಡಿ. ಪೆನ್ಸಿಲು ಹಿಡಿದುಕೊಳ್ಳಿ.

ಊದಿನಕಡ್ಡಿಯ ಹೊಗೆ ಬಿಸಿ ಇರುತ್ತದೆ, ತಾನಾಗಿಯೇ ಮೇಲಕ್ಕೆ ಹೋಗುತ್ತದೆ. ವೇಗ ಎಣಿಸಲು ಅದು ಅಷ್ಟು ಒಳ್ಳೆಯದಲ್ಲ. ನಮ್ಮ ಬಯಲುಸೀಮೆಯಲ್ಲಿ ಎಕ್ಕದ ಗಿಡಕ್ಕೆ ಏನು ಕೊರತೆ? ಬೇಸಿಗೆಯಲ್ಲಿ ಅದರ ಕಾಯಿ ಒಣಗಿ ಒಡೆಯುತ್ತದೆ. ಒಳಗಿನ ರೇಷ್ಮೆಯಂಥ ಹತ್ತಿ ಗಾಳಿಯಲ್ಲಿ ತೇಲುತ್ತದೆ. ಅದರ ಒಂದೆರಡು ಎಳೆ ಸಾಕು. ಒಣಗಿದ ಕಾಯಿಯನ್ನೇ ತನ್ನಿ. ಹಸಿ ಗಿಡ ಮುರಿಯಬೇಡಿ, ಅದರ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಮಕ್ಕಳನ್ನು ಕಳಿಸುವಾಗ ಇದನ್ನು ಹೇಳಿ ಕಳಿಸಿ.

ಒಬ್ಬರು ಕಿಟಕಿಯ ಮಧ್ಯದಲ್ಲಿ ಎಳೆಯನ್ನು ಬಿಡಬೇಕು. ಇನ್ನೊಬ್ಬರು ಕಿಟಕಿಯಿಂದ ಒಳಕ್ಕೆ ಎರಡು ಅಡಿ ದೂರಕ್ಕೆ ಟೇಪು ಹಿಡಿಯಬೇಕು. ಮೂರನೆಯವರು ಗಡಿಯಾರದ ಸೆಕೆಂಡು ಮುಳ್ಳು ನೋಡಬೇಕು. ಎಳೆ ಎರಡು ಅಡಿ ಬರಲು ಎಷ್ಟು ಸೆಕೆಂಡು ಬೇಕಾಯಿತು? ಬರೆದುಕೊಳ್ಳಿ. ಗಾಳಿ ಒಮ್ಮೆ ಜೋರು, ಒಮ್ಮೆ ಮೆಲ್ಲಗೆ. ಆದ್ದರಿಂದ ಐದು ಸಲ ಬಿಡಿ. ಐದನ್ನೂ ಕೂಡಿಸಿ ಐದರಿಂದ ಭಾಗಿಸಿ.

ಒಂದು ಲೆಕ್ಕ ಮಾಡೋಣ. ಎಳೆ ಎರಡು ಅಡಿ ಬರಲು 4 ಸೆಕೆಂಡು ಆಯಿತು ಅಂತ ಇಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ ಅರ್ಧ ಅಡಿ.

ಕಿಟಕಿ 3 ಅಡಿ ಎತ್ತರ, 2 ಅಡಿ ಅಗಲ. 3 ಎರಡ್ಲ 6. ಅಂದರೆ 6 ಚದರ ಅಡಿ.

ಈಗ ಒಂದು ಪೆಟ್ಟಿಗೆ ನೆನೆಸಿಕೊಳ್ಳಿ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ. ಸುಮಾರು 28 ಲೀಟರ್ ನೀರು ಹಿಡಿಯುತ್ತದೆ, ಅಂದರೆ ಹೆಚ್ಚುಕಡಿಮೆ ಎರಡು ಕೊಡ. ಇದರ ತುಂಬ ಗಾಳಿ ಇದೆ. ಇದನ್ನೇ ಒಂದು ಘನ ಅಡಿ ಅನ್ನುತ್ತಾರೆ. ನಾವು ಪೆಟ್ಟಿಗೆ ಅಂತಲೇ ಕರೆಯೋಣ.

ಗಾಳಿ ಸೆಕೆಂಡಿಗೆ ಅರ್ಧ ಅಡಿ ಬರುತ್ತಿದೆ. ಕಿಟಕಿ 6 ಚದರ ಅಡಿ. 6ರ ಅರ್ಧ 3. ಪ್ರತಿ ಸೆಕೆಂಡಿಗೆ 3 ಪೆಟ್ಟಿಗೆ ಗಾಳಿ ಒಳಗೆ ಬಂತು. ಒಂದು ನಿಮಿಷಕ್ಕೆ 60 ಸೆಕೆಂಡು, 180 ಪೆಟ್ಟಿಗೆ. ಒಂದು ಗಂಟೆಗೆ 10,800 ಪೆಟ್ಟಿಗೆ.

ಕೋಣೆ ಎಷ್ಟು ದೊಡ್ಡದು? ಉದ್ದ 10 ಅಡಿ, ಅಗಲ 10 ಅಡಿ, ಎತ್ತರ 10 ಅಡಿ. ಮೂರನ್ನೂ ಗುಣಿಸಿದರೆ 1,000 ಪೆಟ್ಟಿಗೆ. 10,800ನ್ನು 1,000ದಿಂದ ಭಾಗಿಸಿ. ಸುಮಾರು 11. ಅಂದರೆ ಆ ಕೋಣೆಯ ತುಂಬ ಹಿಡಿಯುವಷ್ಟು ಹೊಸ ಗಾಳಿ ಒಂದು ಗಂಟೆಗೆ 11 ಸಲ ಬರುತ್ತದೆ.

ಇಷ್ಟೇ ಲೆಕ್ಕ. ಇಂಜಿನಿಯರುಗಳು ಮಾಡುವುದೂ ಇದನ್ನೇ. ಅವರ ಕೈಯಲ್ಲಿ ಸಣ್ಣ ಪಂಕದ ಒಂದು ಯಂತ್ರ ಇರುತ್ತದೆ. ಅದನ್ನು ಕಿಟಕಿಯಲ್ಲಿ ಹಿಡಿದರೆ ಗಾಳಿಗೆ ಪಂಕ ತಿರುಗುತ್ತದೆ, ವೇಗ ತೋರಿಸುತ್ತದೆ. ಕಿಟಕಿಯ ಒಂದು ಜಾಗದಲ್ಲಿ ಹಿಡಿದು ಸುಮ್ಮನಾಗುವುದಿಲ್ಲ. ಮೇಲೆ, ಕೆಳಗೆ, ಮೂಲೆಯಲ್ಲಿ, ನಡುವೆ ಹಿಡಿದು ಸರಾಸರಿ ತೆಗೆಯುತ್ತಾರೆ. ನಮ್ಮ ಎಕ್ಕದ ಹತ್ತಿಯ ಲೆಕ್ಕ ಅಷ್ಟು ಕರಾರುವಾಕ್ಕಲ್ಲ. ಆದರೆ ಕೋಣೆಯಲ್ಲಿ ಗಾಳಿ ಒಂದು ಸಲ ಬದಲಾಗುತ್ತದೋ ಹತ್ತು ಸಲವೋ ಅನ್ನುವುದನ್ನು ಅದು ಹೇಳಿಯೇ ಹೇಳುತ್ತದೆ.

ಒಂದು ಸಲ ಬದಲಾದರೆ ಸಾಲದೇ?

ಸಾಲದು. ಬಿಳಿ ಬಟ್ಟೆಗೆ ನೀಲಿ ಹಾಕುತ್ತೀರಲ್ಲ? ನೀಲಿ ಕಲಸಿದ ಬಕೆಟ್ಟನ್ನು ಹಾಗೇ ನಲ್ಲಿಯ ಕೆಳಗೆ ಇಡಿ. ನೀರು ಬಿಡಿ. ಬಕೆಟ್ಟು ತುಂಬಿ ಚೆಲ್ಲುತ್ತದೆ. ಒಂದು ಬಕೆಟ್ಟಿನಷ್ಟು ಹೊಸ ನೀರು ಬಿದ್ದ ಮೇಲೆ ನೋಡಿ. ನೀಲಿ ಪೂರ್ತಿ ಹೋಗಿರುತ್ತದೆಯೇ? ಇಲ್ಲ. ಹೊಸ ನೀರು ಹಳೇ ನೀರಿನ ಜೊತೆ ಬೆರೆತು ಚೆಲ್ಲುತ್ತಿರುತ್ತದೆ. 100 ಭಾಗ ನೀಲಿಯಲ್ಲಿ ಇನ್ನೂ 37 ಭಾಗ ಉಳಿದಿರುತ್ತದೆ. ಎರಡನೇ ಬಕೆಟ್ಟು ಬಿದ್ದ ಮೇಲೆ ಸುಮಾರು 14 ಭಾಗ. ಮೂರನೇ ಬಕೆಟ್ಟಿಗೆ 5 ಭಾಗ.

ಕೋಣೆಯ ಗಾಳಿಯೂ ಹಾಗೇ. ಕೋಣೆಯಲ್ಲಿ ಒಬ್ಬರು ಕೆಮ್ಮಿದರು ಅಂತ ಇಟ್ಟುಕೊಳ್ಳಿ. ಗಂಟೆಗೆ 12 ಸಲ ಗಾಳಿ ಬದಲಾಗುವ ಕೋಣೆಯಲ್ಲಿ 15 ನಿಮಿಷಕ್ಕೆ 100ರಲ್ಲಿ 95 ಭಾಗ ಹೊರಗೆ ಹೋಗುತ್ತದೆ. ಎರಡು ಗಂಟೆಗೆ ಒಂದು ಸಲ ಬದಲಾಗುವ ಕೋಣೆಯಲ್ಲಿ ಅಷ್ಟೇ ಹೋಗಲು 6 ಗಂಟೆ ಬೇಕು. ಆ 6 ಗಂಟೆಯೂ ಮನೆಯವರು ಅದನ್ನೇ ಉಸಿರಾಡುತ್ತಾರೆ.

ಕ್ಷಯ, ಅಂದರೆ ಟಿ.ಬಿ., ಹೀಗೆ ಗಾಳಿಯಲ್ಲಿ ಹರಡುತ್ತದೆ. ಎಂಜಲು ತಟ್ಟೆಯಿಂದ ಅಲ್ಲ, ಹಾಸಿಗೆಯಿಂದ ಅಲ್ಲ. ರೋಗಿ ಕೆಮ್ಮಿದಾಗ ಹೊರಬರುವ ಕಣ್ಣಿಗೆ ಕಾಣದ ಹನಿಗಳಿಂದ. ಮುಚ್ಚಿದ ಕೋಣೆಯಲ್ಲಿ ಅವು ಗಂಟೆಗಟ್ಟಲೆ ತೇಲುತ್ತವೆ. ಆದ್ದರಿಂದಲೇ ಇಂಥ ರೋಗಿಗಳನ್ನು ಇಡುವ ಆಸ್ಪತ್ರೆ ಕೋಣೆಯಲ್ಲಿ ಗಂಟೆಗೆ ಕನಿಷ್ಠ 12 ಸಲ ಗಾಳಿ ಬದಲಾಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅದು ಆಸ್ಪತ್ರೆಗೆ ಹೇಳಿದ ಲೆಕ್ಕ. ಆದರೂ 12 ಅನ್ನುವ ಅಂಕಿಯನ್ನು ನೆನಪಿಡಿ.

ಹಳೇ ಬಂಗಲೆಗಳ ಗುಟ್ಟು

ಕಂಟೋನ್ಮೆಂಟಿನಲ್ಲಿ ಬ್ರಿಟಿಷರ ಕಾಲದ ಹಳೇ ಬಂಗಲೆಗಳನ್ನು ನೀವು ನೋಡಿರಬೇಕು. ಕೆಲವರು ಅಲ್ಲಿ ಕೆಲಸವನ್ನೂ ಮಾಡಿದ್ದೀರಿ. ಒಳಗೆ ಹೋದರೆ ಬೇಸಿಗೆಯಲ್ಲೂ ಉಸಿರು ಕಟ್ಟುವುದಿಲ್ಲ. ಎತ್ತರದ ಸೂರು, ಸುತ್ತಲೂ ಪಡಸಾಲೆ, ಎದುರು ಬದುರು ದೊಡ್ಡ ಬಾಗಿಲು. ಸೂರಿನ ಹತ್ತಿರ ಸಣ್ಣ ಕಿಂಡಿಗಳು.

ಬಳ್ಳಾರಿ ಸೀಮೆ 1800ರಲ್ಲಿ ಬ್ರಿಟಿಷರ ಕೈಗೆ ಹೋಯಿತು. 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ತನಕ ಅದು ಮದ್ರಾಸಿನ ಕಡೆಗೇ ಇತ್ತು. ಇಲ್ಲಿ ಸೈನ್ಯ ಬೀಡು ಬಿಟ್ಟಿತ್ತು. ಕಂಟೋನ್ಮೆಂಟ್ ಅಂದರೆ ದಂಡು ಇರುವ ಜಾಗ. ಆ ಕಾಲದಲ್ಲಿ ಇಂಡಿಯಾದಲ್ಲಿದ್ದ ಬ್ರಿಟಿಷ್ ಸಿಪಾಯಿಗಳು ಯುದ್ಧಕ್ಕಿಂತ ಹೆಚ್ಚಾಗಿ ರೋಗದಿಂದ ಸಾಯುತ್ತಿದ್ದರು. ವರ್ಷಕ್ಕೆ ಸಾವಿರಕ್ಕೆ 69 ಮಂದಿ. ಇದರ ವಿಚಾರಣೆಗೆ ಒಂದು ಆಯೋಗ ಕೂತಿತು. 1863ರಲ್ಲಿ ಅದರ ವರದಿ ಬಂತು. ಅದರ ಹಿಂದೆ ದುಡಿದವಳು ಒಬ್ಬ ಹೆಂಗಸು, ಫ್ಲಾರೆನ್ಸ್ ನೈಟಿಂಗೇಲ್. ನರ್ಸುಗಳೆಲ್ಲ ಇವತ್ತಿಗೂ ಅವಳ ಹೆಸರು ಹೇಳುತ್ತಾರೆ. ಅವಳು ಇಂಡಿಯಾಕ್ಕೆ ಬರಲೇ ಇಲ್ಲ. ದಂಡಿನ ಊರುಗಳಿಂದ ಕಾಗದದ ಮೇಲೆ ಲೆಕ್ಕ ತರಿಸಿದಳು. ಒಬ್ಬ ಸಿಪಾಯಿಗೆ ಮಲಗಲು ಎಷ್ಟು ಪೆಟ್ಟಿಗೆ ಗಾಳಿ ಸಿಗುತ್ತದೆ, ನೀರು ಎಲ್ಲಿಂದ ಬರುತ್ತದೆ, ಮೋರಿ ಎಲ್ಲಿ ಹೋಗುತ್ತದೆ, ಎಲ್ಲ ಕೇಳಿದಳು. ರೋಗಿಯ ಕೋಣೆಯ ಗಾಳಿ ಹೊರಗಿನ ಗಾಳಿಯಷ್ಟೇ ಚೊಕ್ಕ ಇರಬೇಕು ಅನ್ನುವುದು ಅವಳ ಮೊದಲ ಪಾಠ.

ಆಗ ಸಿಪಾಯಿಗೆ ಎಷ್ಟು ಗಾಳಿ ಬೇಕು ಅಂತ ಸರಕಾರ ಲೆಕ್ಕ ಹಾಕಿತು. ಅಡುಗೆಮನೆಯ ಹೆಂಗಸಿಗೆ ಎಷ್ಟು ಗಾಳಿ ಬೇಕು ಅಂತ ಯಾರೂ ಕೇಳಲಿಲ್ಲ.

ಹಳೇ ಕಟ್ಟಡಗಳು ನಿಜಕ್ಕೂ ಒಳ್ಳೆಯವೋ, ಅಥವಾ ಹಳೆಯದೆಲ್ಲ ಒಳ್ಳೆಯದು ಅಂತ ನಾವು ಹೇಳುತ್ತಿದ್ದೇವೋ? ಇದನ್ನೂ ಅಳೆದು ನೋಡಿದ್ದಾರೆ. ದಕ್ಷಿಣ ಅಮೆರಿಕದಲ್ಲಿ ಪೆರು ಅನ್ನುವ ದೇಶ ಇದೆ. ಅದರ ದೊಡ್ಡ ಊರು ಲಿಮಾ. ಅಲ್ಲಿ ಟಿ.ಬಿ. ಬಹಳ. ಅಲ್ಲಿನ 8 ಆಸ್ಪತ್ರೆಗಳ 70 ಕೋಣೆಗಳಲ್ಲಿ ಗಾಳಿ ಅಳೆದರು. 2007ರಲ್ಲಿ ಅದರ ವಿವರ ಪ್ರಕಟವಾಯಿತು. ಕಿಟಕಿ ಬಾಗಿಲು ತೆಗೆದರೆ ಗಂಟೆಗೆ ಸುಮಾರು 28 ಸಲ ಗಾಳಿ ಬದಲಾಗುತ್ತಿತ್ತು. ಎತ್ತರದ ಸೂರು, ದೊಡ್ಡ ಕಿಟಕಿ ಇದ್ದ ಹಳೇ ಕಟ್ಟಡಗಳಲ್ಲಿ 40 ಸಲ. ಹೊಸ ಕಟ್ಟಡಗಳಲ್ಲಿ 17 ಸಲ. ದುಬಾರಿ ಯಂತ್ರ ಹಾಕಿ ಗಾಳಿ ಎಳೆಯುವ ಕೋಣೆಗಳ ಲೆಕ್ಕ 12. ಅಂದರೆ ತೆಗೆದ ಕಿಟಕಿ ಯಂತ್ರವನ್ನು ಸೋಲಿಸಿತು!

ಅವರು ಅಳೆದದ್ದು ಹೇಗೆ? ನಾವು ಉಸಿರು ಬಿಡುವಾಗ ಇಂಗಾಲದ ಡೈ ಆಕ್ಸೈಡ್ ಅನ್ನುವ ಗಾಳಿ ಹೊರಬರುತ್ತದೆ. ಸೋಡಾ ಬಾಟಲಿಯಲ್ಲಿ ಬುಸ್ ಅನ್ನುವುದೂ ಅದೇ. ಕೋಣೆ ಮುಚ್ಚಿ ಅದನ್ನು ಒಳಗೆ ಬಿಟ್ಟರು. ಫ್ಯಾನಿನಿಂದ ಬೆರೆಸಿದರು. ಆಮೇಲೆ ಕಿಟಕಿ ತೆಗೆದು, ಅದು ಎಷ್ಟು ಬೇಗ ಕಡಿಮೆಯಾಗುತ್ತದೆ ಅಂತ ಯಂತ್ರದಲ್ಲಿ ನೋಡಿದರು. ನಮ್ಮ ನೀಲಿ ಬಕೆಟ್ಟಿನ ಲೆಕ್ಕವೇ ಅದು. ಈಗ ಆ ಯಂತ್ರ ಅಂಗೈಯಗಲ ಬಂದಿದೆ. ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷ ಭಾಗಕ್ಕೆ 420ಕ್ಕಿಂತ ಸ್ವಲ್ಪ ಹೆಚ್ಚು ಭಾಗ ಈ ಅನಿಲ ಇರುತ್ತದೆ. ನಾಲ್ಕು ಮಂದಿ ಬಾಗಿಲು ಹಾಕಿಕೊಂಡು ಮಲಗಿದ ಕೋಣೆಯಲ್ಲಿ ಅದು ಬೇಗ ಸಾವಿರ ದಾಟುತ್ತದೆ. ಬೆಳಿಗ್ಗೆ ಎದ್ದಾಗ ತಲೆ ಭಾರ ಅನ್ನುತ್ತೇವಲ್ಲ, ಒಮ್ಮೊಮ್ಮೆ ಇದೂ ಕಾರಣ.

ಗಾಳಿ ಬೀಸದ ದಿನ ಏನು ಮಾಡೋದು?

ನಮ್ಮ ಕಡೆ ಮಳೆಗಾಲದಲ್ಲಿ ಗಾಳಿ ಪಡುವಣದ ಕಡೆಯಿಂದ ಜೋರಾಗಿ ಬೀಸುತ್ತದೆ. ಚಳಿಗಾಲದಲ್ಲಿ ಮೂಡಣದ ಕಡೆಯಿಂದ ಮೆಲ್ಲಗೆ ಬರುತ್ತದೆ. ಕೆಲವು ದಿನ ಎಲೆಯೂ ಅಲುಗಾಡುವುದಿಲ್ಲ. ಆಗ ಕೈ ಕೊಡದ ಗೆಳತಿ ಬಿಸಿಗಾಳಿ. ಅದು ಮೇಲೆ ಹೋಗುತ್ತದೆ ಅಂತ ಅಡುಗೆಮನೆ ಬಾಗಿಲಲ್ಲಿ ನೋಡಿದೆವಲ್ಲ? ಅದಕ್ಕೆ ಮೇಲೆ ಒಂದು ದಾರಿ ಬಿಟ್ಟರೆ ಸಾಕು.

ಕುರುಗೋಡು, ಸಿರುಗುಪ್ಪದ ಹಳೇ ಮಣ್ಣಿನ ಮಾಳಿಗೆ ಮನೆಗಳಲ್ಲಿ ಮಾಳಿಗೆಗೆ ಬೆಳಕಿಂಡಿ ಇಡುತ್ತಿದ್ದರು. ಮಳೆ ಬಂದರೆ ಮೇಲೆ ಹತ್ತಿ ಮುಚ್ಚುವುದು, ಮಳೆ ನಿಂತರೆ ತೆಗೆಯುವುದು. ಹೆಸರು ಬೆಳಕಿಂಡಿ. ಆದರೆ ಅದು ಬೆಳಕಿಗೆ ಮಾತ್ರ ಅಲ್ಲ. ಒಲೆಯ ಬಿಸಿಗಾಳಿ, ಹೊಗೆ ಅಲ್ಲಿಂದ ಹೋಗುತ್ತಿತ್ತು. ಬಾಗಿಲಿಂದ ಹೊಸ ಗಾಳಿ ಬರುತ್ತಿತ್ತು. ಈಗ ಆರ್.ಸಿ.ಸಿ. ಹಾಕಿಸುತ್ತೇವೆ. ಗಟ್ಟಿ ಮನೆ, ಸೋರುವುದಿಲ್ಲ, ಒಳ್ಳೆಯದೇ. ಆದರೆ ಬೆಳಕಿಂಡಿ ಹೋಯಿತು. ಅದರ ಬದಲು ಗೋಡೆಯ ಮೇಲ್ಭಾಗದಲ್ಲಿ ಕಿಂಡಿ ಇಡಬೇಕಿತ್ತು. ಬಹಳ ಮನೆಗಳಲ್ಲಿ ಇಡಲಿಲ್ಲ. ಇಟ್ಟ ಕಡೆ ಗಾಜು ಹಾಕಿಸಿ ಮುಚ್ಚಿದರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ ಅಸ್ತ್ರ ಒಲೆ ನಿಮಗೆ ನೆನಪಿರಬಹುದು. ಮೂರು ಪಾತ್ರೆ ಇಡುವ ಒಲೆ, ಹಿಂದೆ ಹೊಗೆ ಕೊಳವೆ. ಅದರ ಕೆಲಸವೂ ಇದೇ. ಬಿಸಿ ಗಾಳಿ ಕೊಳವೆಯಲ್ಲಿ ಏರುತ್ತದೆ, ಹೊಗೆಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಈಗ ಬಹಳ ಮನೆಗೆ ಗ್ಯಾಸು ಬಂದಿದೆ. ಆದರೂ ಸ್ನಾನದ ನೀರಿಗೆ, ರೊಟ್ಟಿಗೆ ಸೌದೆ ಉರಿಸುವವರು ಇದ್ದೇವೆ. ಹೊಗೆಯ ದಾರಿ ಇನ್ನೂ ಬೇಕು.

ಗ್ಯಾಸಿನ ಬಗ್ಗೆ ಒಂದು ಮಾತು. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ನಿಲ್ಲುತ್ತದೆ, ಮೇಲಿನ ಕಿಂಡಿಯಿಂದ ಹೋಗುವುದಿಲ್ಲ. ಅದಕ್ಕೆ ಅಡುಗೆಮನೆಯಲ್ಲಿ ನೆಲದ ಹತ್ತಿರವೂ ಒಂದು ಕಿಂಡಿ ಬೇಕು. ಗ್ಯಾಸಿನ ವಾಸನೆ ಬಂದಾಗ ಊದಿನಕಡ್ಡಿ ಹಿಡಿದು ಪರೀಕ್ಷೆಗೆ ಹೋಗಬೇಡಿ! ಬೆಂಕಿ ಗೀರಬೇಡಿ, ಲೈಟಿನ ಸ್ವಿಚ್ಚು ಮುಟ್ಟಬೇಡಿ. ಬಾಗಿಲು ತೆಗೆದು ಹೊರಗೆ ಬನ್ನಿ.

ಚಳಿಗೆ ಇದ್ದಿಲಿನ ಶಗಡಿ ಒಳಗಿಟ್ಟು ಬಾಗಿಲು ಹಾಕಿಕೊಂಡು ಮಲಗಬೇಡಿ. ಅದರಿಂದ ಬರುವ ವಿಷದ ಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಬಾಣಂತಿ ಕೋಣೆಯಲ್ಲಿ ನಾವು ಮಾಡುವ ತಪ್ಪು ಇದು. ಬೆಚ್ಚಗೆ ಇರಲಿ ಅಂತ ಎಲ್ಲ ಮುಚ್ಚುತ್ತೇವೆ. ತಾಯಿಗೆ, ಮಗುವಿಗೆ ಬಟ್ಟೆ ಹೊದಿಸಿ ಬೆಚ್ಚಗಿಡಿ. ಗಾಳಿಯ ದಾರಿಯನ್ನು ಬಿಡಿ.

ಬಿಸಿಲಿನ ಮಧ್ಯಾಹ್ನ ಕಿಟಕಿ ಮುಚ್ಚುವುದು ತಪ್ಪೇ ಅಂತ ಕೇಳುತ್ತೀರಿ. ತಪ್ಪಲ್ಲ. ಹೊರಗೆ ಬೆಂಕಿಯಂಥ ಗಾಳಿ ಇರುವಾಗ ದಪ್ಪ ಗೋಡೆಯ ಮನೆಯನ್ನು ಮುಚ್ಚಿದರೆ ಒಳಗೆ ತಂಪು ಉಳಿಯುತ್ತದೆ. ಸಂಜೆ ಬಿಸಿಲು ಇಳಿದ ಕೂಡಲೇ ಎಲ್ಲ ತೆಗೆಯಿರಿ. ಆದರೆ ಮನೆಯಲ್ಲಿ ಕೆಮ್ಮುವವರು ಇದ್ದರೆ ಮಧ್ಯಾಹ್ನವೂ ಪೂರ್ತಿ ಮುಚ್ಚಬೇಡಿ.

ಮತ್ತೆ ಆ ಮನೆಗೆ

ಅತ್ತೆಯ ಕೆಮ್ಮಿಗೆ ಬರೋಣ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು. ಸರಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡಿಲ್ಲ. ಮಾತ್ರೆಗೂ ದುಡ್ಡಿಲ್ಲ. ಅತ್ತೆಯನ್ನು ಕರೆದುಕೊಂಡು ಹೋದರು. ಟಿ.ಬಿ. ಅಂತಲೇ ಬಂತು. ಆರು ತಿಂಗಳ ಮಾತ್ರೆ ಶುರುವಾಯಿತು.

ಮಗನಿಗೆ ಹೆದರಿಕೆ. “ಅವ್ವನ್ನ ಎಲ್ಲಾದ್ರೂ ಬ್ಯಾರೆ ಇಡಬೇಕೇನು?” ಅಂದ. ಬೇಡ. ಮಾತ್ರೆ ಇಲ್ಲದ ಕಾಲದಲ್ಲಿ ಟಿ.ಬಿ. ಬಂದವರನ್ನು ಊರ ಹೊರಗೆ, ಗಾಳಿ ಬೆಳಕಿನ ಸ್ಯಾನಿಟೋರಿಯಂಗಳಲ್ಲಿ ಇಡುತ್ತಿದ್ದರು. ಬಳ್ಳಾರಿಯಲ್ಲೂ ವೆಲ್ಲೆಸ್ಲಿ ಅನ್ನುವ ಹೆಸರಿನ ಸ್ಯಾನಿಟೋರಿಯಂ ಇದ್ದದ್ದು ಹಿರಿಯರಿಗೆ ಗೊತ್ತು. ಮಾತ್ರೆ ಬಂದ ಮೇಲೆ ಮದ್ರಾಸಿನಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಯಿತು. 1959ರಲ್ಲಿ ಅದರ ಫಲ ಹೊರಬಂತು. ಮನೆಯಲ್ಲಿದ್ದು ಮಾತ್ರೆ ನುಂಗಿದವರೂ ಸ್ಯಾನಿಟೋರಿಯಂನಲ್ಲಿದ್ದವರಷ್ಟೇ ಚೆನ್ನಾಗಿ ವಾಸಿಯಾದರು. ಮನೆಯವರಿಗೆ ರೋಗ ತಗುಲಿದ್ದೂ ಹೆಚ್ಚಾಗಲಿಲ್ಲ. ಮಾತ್ರೆ ಶುರುವಾದ ಕೆಲವು ವಾರಗಳಲ್ಲಿ ಹರಡುವುದು ಬಹಳ ಕಡಿಮೆಯಾಗುತ್ತದೆ. ಮಾತ್ರೆ ಬಿಡಬಾರದು, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಬೇಕು, ಗಾಳಿ ಬದಲಾಗಬೇಕು. ಅತ್ತೆಯನ್ನು ಮನೆಯಿಂದ ಕಳಿಸುವುದು ಬೇಕಿಲ್ಲ.

ಒಳಕೋಣೆಯನ್ನು ಅಳೆದೆವು. ಉದ್ದ 10 ಅಡಿ, ಅಗಲ 8 ಅಡಿ, ಎತ್ತರ 10 ಅಡಿ. 800 ಪೆಟ್ಟಿಗೆ. ಕಿಟಕಿ ಎರಡು ಅಡಿಗೆ ಎರಡು ಅಡಿ, 4 ಚದರ ಅಡಿ. ಎಕ್ಕದ ಹತ್ತಿ ಬಿಟ್ಟರೆ ನೆಟ್ಟಗೆ ಕೆಳಗೆ ಇಳಿಯಿತು. ಎಣಿಸಲು ಏನೂ ಇರಲಿಲ್ಲ.

ಗೌಂಡಿಯನ್ನು ಕರೆಸಿದರು. ಎದುರು ಗೋಡೆಯ ಮೇಲ್ಭಾಗದಲ್ಲಿ, ಹಿತ್ತಲ ಕಡೆಗೆ, ಎರಡು ಅಡಿ ಅಗಲದ ಕಿಂಡಿ ಹೊಡೆಯಬೇಕು. ಗೌಂಡಿಗೆ ಮನಸ್ಸಿಲ್ಲ. “ಹಿಂದ್ಗಡೆ ಯಾರು ನೋಡ್ತಾರಮ್ಮ? ಮುಂದ್ಗಡೆ ದೊಡ್ಡ ಕಿಟಕಿ ಇಡ್ತೀನಿ, ಚಂದ ಕಾಣ್ತೈತೆ” ಅಂದ. ಮನೆ ಕಟ್ಟುವಾಗ ಗಂಡಸರು ಗೌಂಡಿ ಜೊತೆ ಮಾತಾಡುತ್ತಾರೆ. ಮುಂದಿನ ಕಿಟಕಿ ಬೀದಿಗೆ ಕಾಣುತ್ತದೆ. ಅಡುಗೆಮನೆ, ಒಳಕೋಣೆ ಯಾರಿಗೂ ಕಾಣುವುದಿಲ್ಲ. ಆದರೆ ದಿನವಿಡೀ ಅಲ್ಲಿರುವವರು ನಾವು! ಸೊಸೆ ಟೇಪು ಹಿಡಿದು ತಾನೇ ಗೋಡೆಯ ಮೇಲೆ ಗೆರೆ ಎಳೆದಳು. ಕಿಂಡಿಗೆ ಕಬ್ಬಿಣದ ಸರಳು ಹಾಕಿಸಿದಳು, ಕಳ್ಳರ ಭಯಕ್ಕೆ.

ಕಿಂಡಿ ಆದ ಮೇಲೆ ಮತ್ತೆ ಹತ್ತಿ ಬಿಟ್ಟೆವು. ಎರಡು ಅಡಿಗೆ 4 ಸೆಕೆಂಡು. ಲೆಕ್ಕ ಹಾಕಿದರೆ ಗಂಟೆಗೆ 9 ಸಲ. ಕಿಟಕಿಗೆ ಸೊಳ್ಳೆ ಮೆಶ್ಶು ಇತ್ತು, ಅದರ ತುಂಬ ಜೀನ್ಸಿನ ನೀಲಿ ಧೂಳು ಕೂತಿತ್ತು. ಅದನ್ನು ಬಿಚ್ಚಿ ತೊಳೆದು ಒಣಗಲು ಹಾಕಿದಳು. ಮೆಶ್ಶು ಇಲ್ಲದ ಕಿಟಕಿಯಲ್ಲಿ ಮತ್ತೆ ಎಣಿಸಿದೆವು. 3 ಸೆಕೆಂಡು! ಗುಣಿಸಿ ಭಾಗಿಸಿ ನೋಡಿದರೆ ಸರಿಯಾಗಿ 12. ಸೊಸೆಯೇ ಲೆಕ್ಕ ಮಾಡಿದಳು, ನಾವು ಬರೀ ನೋಡಿದೆವು. ಹಗಲು ಮೆಶ್ಶು ತೆಗೆಯುವುದು, ಸಂಜೆ ಸೊಳ್ಳೆ ಬರುವ ಹೊತ್ತಿಗೆ ಹಾಕುವುದು, ವಾರಕ್ಕೊಮ್ಮೆ ತೊಳೆಯುವುದು ಅಂತ ಆಯಿತು.

ಒಂದು ಸಂಜೆ ಗಾಳಿ ಪೂರ್ತಿ ಬಿದ್ದಿತ್ತು. ಆವತ್ತು ಎಳೆ ಎರಡು ಅಡಿ ಬರಲು 8 ಸೆಕೆಂಡು ತೆಗೆದುಕೊಂಡಿತು. ಗಂಟೆಗೆ ನಾಲ್ಕೂವರೆ ಸಲ. ಅಂಥ ಸಂಜೆ ಅತ್ತೆಯ ಮಂಚವನ್ನು ಹಿತ್ತಲಿಗೆ, ಬೇವಿನ ಮರದ ಕೆಳಗೆ ಹಾಕುತ್ತಾರೆ. ಸೊಸೆಯ ಒಂದು ಹೊಲಿಗೆ ಯಂತ್ರವೂ ಈಗ ಕಿಟಕಿಯ ಹತ್ತಿರಕ್ಕೆ ಬಂದಿದೆ. ಹೊಲಿಯುವಾಗ ಗಾಳಿ ಬೆನ್ನಿಂದ ಬರಲಿ ಅಂತ ಅವಳೇ ಅದನ್ನು ತಿರುಗಿಸಿ ಇಟ್ಟಳು. ಧೂಳು ಮುಖಕ್ಕೆ ಬರದೆ ಎದುರಿನ ಬಾಗಿಲಿನಿಂದ ಆಚೆ ಹೋಗುತ್ತದೆ. ಹಾಗೆ ತಿರುಗಿಸಲು ನಾವು ಹೇಳಿರಲಿಲ್ಲ. ಅವಳು ಚಿಕ್ಕಂದಿನಲ್ಲಿ ಸಿರುಗುಪ್ಪದ ಕಣದಲ್ಲಿ ಅವ್ವನ ಜೊತೆ ಭತ್ತ ತೂರಿದ್ದಳಂತೆ.